ಬಾಳೆಹಣ್ಣು, ನಸುಗುನ್ನಿ ತಿಂದರೆ ಪಾರ್ಕಿನ್ಸನ್ ಮಾತ್ರೆ ಬಿಡಬಹುದೇ? ಡೋಪಮೈನ್ ಬಗ್ಗೆ ನಿಜ ಏನು?

“ಡೋಪಮೈನ್ ಕಡಿಮೆಯಾದರೆ ಕೈ ನಡುಗುತ್ತದೆ. ದಿನಾ ಎರಡು ಬಾಳೆಹಣ್ಣು, ಒಂದು ಚಮಚ ನಸುಗುನ್ನಿ ಬೀಜದ ಪುಡಿ ತಿನ್ನಿ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ.” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕೊನೆಯ ಮಾತನ್ನು ಪಾಲಿಸಿದರೆ ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ಡೋಪಮೈನ್ ಏನು ಮಾಡುತ್ತದೆ?

ಮಿದುಳಿನ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಡೋಪಮೈನ್ ಕೂಡ ಒಂದು. ಇದನ್ನು ಬರೀ ‘ಖುಷಿಯ ಹಾರ್ಮೋನ್’ ಎನ್ನುವುದು ಸರಿಯಲ್ಲ. ಅಂಗಿಯ ಗುಂಡಿ ಹಾಕುವುದು, ಕುರ್ಚಿಯಿಂದ ಏಳುವುದು, ಸಲೀಸಾಗಿ ನಡೆಯುವುದು, ಒಂದು ಕೆಲಸ ಮಾಡಬೇಕೆಂಬ ಹುಮ್ಮಸ್ಸು ಎಲ್ಲಕ್ಕೂ ಇದು ಬೇಕು.

1950ರ ದಶಕದಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಇದು ನಮ್ಮ ಸರ್ಪಗಂಧದ ಬೇರಿನಲ್ಲಿರುವ ಅಂಶ. ಮೊಲಗಳು ಅಲುಗಾಡದೆ ಕುಳಿತವು. ನಂತರ ಎಲ್-ಡೋಪಾ ಕೊಟ್ಟಾಗ ಮತ್ತೆ ಓಡಾಡಿದವು. ಡೋಪಮೈನಿನ ಕೆಲಸ ತೋರಿಸಿಕೊಟ್ಟ ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ನಿಧಾನವಾಗಿ ಸಾಯುತ್ತವೆ. ಆಗ ನಡುಕ, ಸ್ನಾಯು ಬಿಗಿತ, ನಡಿಗೆಯಲ್ಲಿ ನಿಧಾನ, ಚಿಕ್ಕದಾಗುವ ಕೈಬರಹ ಕಾಣಿಸುತ್ತವೆ. ಖಿನ್ನತೆಯೂ ಸಾಮಾನ್ಯ. ಆದರೆ ಕೈ ನಡುಗಿದರೆಲ್ಲ ಪಾರ್ಕಿನ್ಸನ್ ಅಲ್ಲ. ಥೈರಾಯ್ಡ್ ಹೆಚ್ಚಾದರೂ, ಕೆಲವು ಔಷಧಗಳಿಂದಲೂ ನಡುಕ ಬರುತ್ತದೆ.

ಬಾಳೆಹಣ್ಣು ತಿಂದರೆ ಡೋಪಮೈನ್ ಸಿಗುತ್ತದೆಯೇ?

ಬಾಳೆಹಣ್ಣಿನಲ್ಲಿ ಡೋಪಮೈನ್ ಇರುವುದು ನಿಜ. ಆದರೆ ರಕ್ತದಿಂದ ಮಿದುಳಿಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ತಡೆಯುವ ಒಂದು ಗೋಡೆಯಿದೆ. ಡೋಪಮೈನ್ ಅದನ್ನು ದಾಟುವುದಿಲ್ಲ. ಹಣ್ಣು ಹೊಟ್ಟೆಗೆ ಒಳ್ಳೆಯದು, ನಡುಕಕ್ಕೆ ಮದ್ದಲ್ಲ.

ನಸುಗುನ್ನಿ?

ಇಲ್ಲಿ ವಿಷಯ ಬೇರೆ. ಮುಟ್ಟಿದರೆ ಮೈ ತುರಿಸುವ ಈ ಬಳ್ಳಿಯ ಬೀಜದಲ್ಲಿ ಎಲ್-ಡೋಪಾ, ಅಂದರೆ ಲೆವೊಡೋಪಾ ಇದೆ. ಇದು ಆ ಗೋಡೆ ದಾಟಿ ಮಿದುಳಿನಲ್ಲಿ ಡೋಪಮೈನ್ ಆಗುತ್ತದೆ. ಕಂಪವಾತಕ್ಕೆ ಆಯುರ್ವೇದದಲ್ಲಿ ಇದರ ಬಳಕೆಯಿದೆ. ಸಣ್ಣ ಅಧ್ಯಯನಗಳಲ್ಲಿ ಲಕ್ಷಣಗಳು ತಗ್ಗಿದ್ದೂ ಉಂಟು.

ವೈದ್ಯರು ಬರೆದುಕೊಡುವ ಮಾತ್ರೆಯಲ್ಲಿರುವುದೂ ಇದೇ ಲೆವೊಡೋಪಾ. ವ್ಯತ್ಯಾಸ ಎರಡು. ಮಾತ್ರೆಯಲ್ಲಿ ಪ್ರಮಾಣ ನಿಖರ. ಪುಡಿಯಲ್ಲಿ ಎಷ್ಟಿದೆ ಎಂದು ಚಮಚ ಹೇಳುವುದಿಲ್ಲ. ಮಾತ್ರೆಯಲ್ಲಿ ಸಾಮಾನ್ಯವಾಗಿ ಕಾರ್ಬಿಡೋಪಾ ಕೂಡ ಇರುತ್ತದೆ. ಲೆವೊಡೋಪಾ ಮಿದುಳು ತಲುಪುವ ಮೊದಲೇ ಡೋಪಮೈನ್ ಆಗಿ ವಾಕರಿಕೆ ತರುವುದನ್ನು ಅದು ತಗ್ಗಿಸುತ್ತದೆ. ಮಾತ್ರೆ, ಪುಡಿ ಎರಡನ್ನೂ ತೆಗೆದುಕೊಂಡರೆ ಡೋಸ್ ಹೆಚ್ಚಾಗಿ ಮೈ ತಾನಾಗಿ ಆಡುವುದು, ಬಿಪಿ ಇಳಿಯುವುದು, ಇಲ್ಲದ್ದು ಕಾಣುವುದು ಆಗಬಹುದು.

ಎರಡೂ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಸತ್ತ ಕೋಶಗಳು ಮರಳುವುದಿಲ್ಲ. ಲಕ್ಷಣಗಳು ಹತೋಟಿಗೆ ಬರುತ್ತವೆ, ಅಷ್ಟೇ.

ಮಾತ್ರೆ ಥಟ್ಟನೆ ಬಿಟ್ಟರೆ?

ಇದೇ ದೊಡ್ಡ ಅಪಾಯ. ಮೈ ಮರದಂತೆ ಬಿಗಿಯಾಗಿ, ತೀವ್ರ ಜ್ವರ, ಗೊಂದಲ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯವರು ಗಮನಿಸಬೇಕಾದದ್ದು

• ಮಾತ್ರೆಯ ಹೊತ್ತು ತಪ್ಪಿಸಬೇಡಿ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ತೆಗೆದುಕೊಂಡರೆ ಕೆಲವರಿಗೆ ಔಷಧ ಸರಿಯಾಗಿ ಹತ್ತುವುದಿಲ್ಲ. ಸಮಯವನ್ನು ವೈದ್ಯರಲ್ಲಿ ಕೇಳಿ.

• ಡೋಪಮೈನಿನಂತೆ ಕೆಲಸ ಮಾಡುವ ಕೆಲವು ಮಾತ್ರೆಗಳಿಂದ ಜೂಜು, ವಿಪರೀತ ಖರೀದಿಯ ಚಟ ಹತ್ತಬಹುದು. ಅದು ಕೆಟ್ಟ ಬುದ್ಧಿಯಲ್ಲ, ಔಷಧದ ಅಡ್ಡಪರಿಣಾಮ. ಬೈಯದೆ ವೈದ್ಯರಿಗೆ ತಿಳಿಸಿ.

• ನಸುಗುನ್ನಿ ಪುಡಿ ತಿನ್ನುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ನಮ್ಮ ತೀರ್ಮಾನ: ನಸುಗುನ್ನಿಯಲ್ಲಿ ಲೆವೊಡೋಪಾ ಇದೆ ಎಂಬುದು ನಿಜ. ಬಾಳೆಹಣ್ಣಿನಿಂದ ನಡುಕ ಹೋಗುತ್ತದೆ, ಮಾತ್ರೆ ಬಿಡಬಹುದು ಎಂಬುದು ಸುಳ್ಳು. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಗ್ರೂಪಿನಲ್ಲಿ ಯಾರ ಮನೆಯಲ್ಲಾದರೂ ಪಾರ್ಕಿನ್ಸನ್ ಇದ್ದರೆ ಅವರಿಗೊಂದು ಫೋನ್ ಮಾಡಿ, ಮಾತ್ರೆ ನಿಲ್ಲಿಸಿಲ್ಲ ತಾನೇ ಎಂದು ವಿಚಾರಿಸಿ.