ವಾಣಿವಿಲಾಸ, ಸೂಲಗಿತ್ತಿ ಮತ್ತು ಹೆರಿಗೆ ಕೋಣೆಯ ಬೈಗುಳ

ಬರೆಯದೆ ಎಷ್ಟು ತಿಂಗಳಾಯ್ತೋ ಲೆಕ್ಕವಿಲ್ಲ. ಆಫೀಸು, ರಿಲೀಸು, ಮತ್ತೆ ಆಫೀಸು... ಕಳೆದ ತಿಂಗಳು ಹಾಗೂ ಹೀಗೂ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಚಿಕ್ಕಪ್ಪನ ಮಗಳೂ ಬಂದಿದ್ದಳು, ಬಿಎಸ್ಸಿ ನರ್ಸಿಂಗ್ ಕೊನೆ ವರ್ಷ. ಮನೇಲಿ ಕೂತು ಬೇಜಾರಾಗಿ ಇಬ್ಬರೂ ಬೈಕಿನಲ್ಲಿ ಹಿರಿಯೂರು ಕಡೆ ಹೊರಟು ಮಾರಿಕಣಿವೆ ನೋಡಿಕೊಂಡು ಬಂದೆವು.

ಮಾರಿಕಣಿವೆಗೆ ಸರ್ಕಾರಿ ಹೆಸರು ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ತುಂಬಿ ಹರಿದದ್ದು 2022ರಲ್ಲೇ. ಆ ವರ್ಷ ನಮ್ಮ ಜಿಲ್ಲೆಯವರೆಲ್ಲ ಜಾತ್ರೆಗೆ ಹೋದ ಹಾಗೆ ಹೋಗಿ ನೋಡಿದ್ದರು. ಕಟ್ಟೆಯ ಮೇಲೆ ನಿಂತು ಇವಳು, "ಅಣ್ಣಾ, ವಾಣಿವಿಲಾಸ ಅಂದ್ರೆ ನಮಗೆ ಬೆಂಗಳೂರಿನ ಹೆರಿಗೆ ಆಸ್ಪತ್ರೇನೇ ಜ್ಞಾಪಕ ಬರೋದು. ಅದೂ ಇದೂ ಒಂದೇ ಹೆಸರಾ?" ಅಂದಳು.

ಒಂದೇ ಹೆಸರು. ವಾಣಿವಿಲಾಸ ಸನ್ನಿಧಾನ ಅಂದರೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ. 1894ರ ಡಿಸೆಂಬರಿನಲ್ಲಿ ಗಂಡ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಆಕೆಗೆ 28 ವರ್ಷ. (ಈಗ ನನಗೂ ಅಷ್ಟೇ. ನಾನು ಪಿಎಫ್ ಲೆಕ್ಕ ನೋಡಿಕೊಳ್ಳಲೂ ಒದ್ದಾಡುತ್ತೇನೆ.) ಮಗ ಇನ್ನೂ ಚಿಕ್ಕವನು ಅಂತ 1895ರಿಂದ 1902ರವರೆಗೆ ರಾಜ್ಯಭಾರ ನೋಡಿಕೊಂಡರು. ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯ ಕೆಲಸ ಶುರುವಾದದ್ದು ಅದೇ ಕಾಲದಲ್ಲಿ, ಮುಗಿದದ್ದು 1907ರಲ್ಲಿ. 1934ರಲ್ಲಿ ಅವರು ತೀರಿಕೊಂಡರು. ಮಾರನೇ ವರ್ಷ, 1935ರಲ್ಲಿ, ಬೆಂಗಳೂರಿನಲ್ಲಿ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆ ಅವರ ಹೆಸರಿನಲ್ಲಿ ತೆರೆಯಿತು.

ಇಷ್ಟು ಹೇಳಿ ನಾನು ಬೀಗುತ್ತಿದ್ದೆ. ಅವಳು ಸುಮ್ಮನೆ ನೀರು ನೋಡುತ್ತಾ, "ಮುಂದಿನ ವಾರದಿಂದ ನಂಗೆ ಲೇಬರ್ ರೂಮ್ ಪೋಸ್ಟಿಂಗ್. ಭಯ ಆಗ್ತಿದೆ ಅಣ್ಣಾ" ಅಂದಳು. ರಕ್ತ ನೋಡಿದರೆ ಭಯವೇನೋ ಅಂದುಕೊಂಡೆ. ಅದಲ್ಲ. "ನಾನೂ ಅವರ ಥರಾನೇ ಆಗಿಬಿಡ್ತೀನೇನೋ ಅಂತ."

ಅವರ ಥರ ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆರು ವರ್ಷದ ಹಿಂದೆ ಅಕ್ಕನ ಮೊದಲ ಹೆರಿಗೆ. ಯಾವ ಆಸ್ಪತ್ರೆ ಅಂತ ಬೇಡ. ಅಮ್ಮನನ್ನು ಬಾಗಿಲ ಆಚೆ ನಿಲ್ಲಿಸಿದರು. ಒಳಗಿಂದ ಅಕ್ಕ ಕಿರುಚುವುದಕ್ಕಿಂತ ಜೋರಾಗಿ ಬೈಗುಳ ಕೇಳುತ್ತಿತ್ತು. "ಮದುವೆ ಆಗುವಾಗ ಚೆನ್ನಾಗಿತ್ತಾ, ಈಗ ಯಾಕೆ ಕೂಗ್ತೀಯಾ" ಅಂತ. ತೊಡೆಗೆ ಹೊಡೆದದ್ದು, ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದ್ದು ಅಕ್ಕ ಹೇಳಿದ್ದು ವರ್ಷದ ಮೇಲೆ. ಮಗು ಚೆನ್ನಾಗಿತ್ತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಕಾರಿಡಾರಿನಲ್ಲಿ ನಿಂತಿದ್ದ ನಾನೂ ಕೇಳಲಿಲ್ಲ.

ಅಜ್ಜಿಗೆ ಮಾತ್ರ ಇದು ಅರ್ಥವೇ ಆಗಿರಲಿಲ್ಲ. "ಬ್ಯಾನೆ ತಿಂತಿರೋಳಿಗೆ ಯಾರಾದ್ರೂ ಬೈತಾರೇನೋ?" ಅವಳ ಏಳು ಹೆರಿಗೆಯೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ನಿಮಗೆಲ್ಲ ಗೊತ್ತಿರುತ್ತಾರೆ. ಅಜ್ಜಿಯಿಂದ ಕಲಿತ ವಿದ್ಯೆ, 15 ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದಕ್ಕೂ ದುಡ್ಡು ತೆಗೆದುಕೊಂಡವರಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ಹಾಡಲು ನಾನು ತಯಾರಿಲ್ಲ. ಅಜ್ಜಿಯ ಏಳರಲ್ಲಿ ಉಳಿದದ್ದು ನಾಲ್ಕು. ಕರ್ನಾಟಕದಲ್ಲಿ 2001-03ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ, ಆಂಬುಲೆನ್ಸು, ರಕ್ತ, ಇಂಜೆಕ್ಷನ್ನು ಇಲ್ಲದೆ ಇದು ಆಗುತ್ತಿರಲಿಲ್ಲ.

ಆದರೆ ಹೆರಿಗೆ ಮಾಡಿಸುವವರಿಗೆ ಇಷ್ಟು ವರ್ಷ ಏನು ಕಲಿಸುತ್ತಾ ಬಂದರು ಅಂತ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಶುರುವಾಯ್ತು, ಹೆಂಗಸರಿಗೆ ಹೆಂಗಸರೇ ವೈದ್ಯ ಮಾಡಲಿ ಅಂತ. 1903ರಲ್ಲಿ ಲೇಡಿ ಕರ್ಜನ್ ಸೂಲಗಿತ್ತಿಯರಿಗೆ ಪಾಠ ಹೇಳಿಸಲು ಇನ್ನೊಂದು ನಿಧಿ ಮಾಡಿದರು. ಆ ಕಾಲದ ವರದಿಗಳಲ್ಲಿ ಸೂಲಗಿತ್ತಿ ಅಂದರೆ ಕೊಳಕು, ಅಜ್ಞಾನಿ. ಕೈ ತೊಳೆಯಲು ಕಲಿಸಬೇಕು, ಕುಡುಗೋಲು ಬಿಡಿಸಬೇಕು. ಸರಿಯೇ. ಆದರೆ ಅವಳಿಗೆ ಗೊತ್ತಿದ್ದದ್ದು ಏನಾದರೂ ಇದೆಯಾ, ನೋವಿನಲ್ಲಿರುವವಳ ಪಕ್ಕ ರಾತ್ರಿಯೆಲ್ಲ ಹೇಗೆ ಕೂರುತ್ತಾಳೆ ಅಂತ ಬರೆದುಕೊಳ್ಳುವ ಗೋಜಿಗೆ ಹೋದವರು ಕಡಿಮೆ. 1946ರ ಭೋರ್ ಸಮಿತಿ ವರದಿ, ಐವತ್ತರ ದಶಕದಲ್ಲಿ ಬಂದ ಎಎನ್ಎಂಗಳು, 1973ರ ಕರ್ತಾರ್ ಸಿಂಗ್ ಸಮಿತಿ... ಆಮೇಲೆ ಎಎನ್ಎಂ ಅಕ್ಕನ ತಲೆ ಮೇಲೆ ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ಎಲ್ಲ ಬಿತ್ತು. ಹೆರಿಗೆ ಹತ್ತರಲ್ಲಿ ಹನ್ನೊಂದಾಯ್ತು. ಕೈಗೆ ಪಾಠ ಆಗುತ್ತಲೇ ಹೋಯಿತು, ನಾಲಿಗೆಗೆ ಆಗಲಿಲ್ಲ.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ದುಡ್ಡು. ನಮ್ಮಲ್ಲಿ ಮಡಿಲು ಕಿಟ್ಟೂ ಬಂತು. ದೇಶದಲ್ಲಿ ಆಸ್ಪತ್ರೆ ಹೆರಿಗೆ 2005-06ರಲ್ಲಿ ನೂರಕ್ಕೆ 39ರಷ್ಟು ಇದ್ದದ್ದು 2019-21ಕ್ಕೆ 89 ಹತ್ತಿರ ಹೋಯಿತು. ಜನ ಬಂದರು. ಮಂಚ, ಸಿಬ್ಬಂದಿ ಅದೇ ಲೆಕ್ಕದಲ್ಲಿ ಬರಲಿಲ್ಲ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಲೋಡು ಎರಡರಷ್ಟಾಯಿತು, ಸರ್ವರು ಅದೇ :)

ಬೈಯುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ ಅಂತ ತಂಗಿ ಹೇಳುತ್ತಾಳೆ. "ಯಾರೂ ಹೇಳಿಕೊಡಲ್ಲ ಅಣ್ಣಾ. ಸೀನಿಯರ್ ಬೈತಾರೆ, ಅವಳು ಸುಮ್ಮನಾಗ್ತಾಳೆ, ಕೆಲಸ ಬೇಗ ಆಗುತ್ತೆ. ನೋಡ್ಕೊಂಡು ಕಲಿತೀವಿ. ಸೀನಿಯರಿಗೆ ಡಾಕ್ಟ್ರು ಬೈದಿರ್ತಾರೆ." ಯಾರೋ ಬರೆದಿಟ್ಟ ಹಳೇ ಕೋಡನ್ನು ಯಾಕೆ ಅಂತ ಕೇಳದೆ ನಾವು ಕಾಪಿ ಮಾಡುತ್ತೇವಲ್ಲ, ಹಾಗೆ.

ಇದಕ್ಕೊಂದು ಹೆಸರು ಬಂದದ್ದೇ ತಡವಾಗಿ. ವೆನೆಜುವೆಲಾ ದೇಶ 2007ರಲ್ಲಿ ಹೆರಿಗೆ ಹೊತ್ತಿನ ಹಿಂಸೆಯನ್ನು ಕಾನೂನಿನಲ್ಲೇ ಬರೆಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತಡೆಯಬೇಕು ಅಂತ ಹೇಳಿಕೆ ಕೊಟ್ಟಿತು, 2018ರಲ್ಲಿ ಹೊಟ್ಟೆ ಒತ್ತುವುದು ಬೇಡ, ಎಲ್ಲರಿಗೂ ರೂಢಿಯಂತೆ ಕೊಯ್ಯುವುದು ಬೇಡ ಅಂತ ಸ್ಪಷ್ಟವಾಗಿ ಬರೆಯಿತು. ನಮ್ಮಲ್ಲಿ 2016ರಲ್ಲಿ ಕೇಂದ್ರ ಸರ್ಕಾರ ಹೆರಿಗೆ ಕೋಣೆಯೊಳಗೆ ಜೊತೆಗೊಬ್ಬರು ಇರಬಹುದು ಅಂದಿತು. 2017ರ ಕೊನೆಗೆ ಹೆರಿಗೆ ಕೋಣೆಗಳ ಗುಣಮಟ್ಟಕ್ಕೆ 'ಲಕ್ಷ್ಯ' ಬಂತು. 2018ರಲ್ಲಿ ನರ್ಸುಗಳಿಗೆ ಹದಿನೆಂಟು ತಿಂಗಳ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿ ಬಂತು (ನಗು ಬರುತ್ತದೆ, ಸುತ್ತಿ ಬಳಸಿ ನರಸಮ್ಮನ ಹತ್ತಿರವೇ!). 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ನಡವಳಿಕೆ, ನೀತಿ, ಮಾತುಕತೆ ಎಂಬುದು ಪಾಠದ ಭಾಗವಾಯಿತು. ಆ ಬ್ಯಾಚಿನವರು ಈಗಷ್ಟೇ ಡಾಕ್ಟರಾಗಿದ್ದಾರೆ. ಚಿತ್ರದುರ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದದ್ದೇ 2023ರಲ್ಲಿ, ಅಂದರೆ ಅಲ್ಲಿನ ಮಕ್ಕಳಿಗೆ ಮೊದಲ ದಿನದಿಂದಲೇ ಈ ಪಾಠ ಇದೆ.

ನಮ್ಮ ಕಡೆಯ ಇನ್ನೊಂದು ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತ ಗೊಲ್ಲರಹಟ್ಟಿಗಳು ಬಹಳ. ಬಾಣಂತಿ ಮತ್ತು ಹಸುಗೂಸನ್ನು ಸೂತಕ ಅಂತ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಡುವ ಪದ್ಧತಿ ಕಾಡುಗೊಲ್ಲರಲ್ಲಿ ಇತ್ತು, ಕೆಲವು ಕಡೆ ಇನ್ನೂ ಪೂರ್ತಿ ಹೋಗಿಲ್ಲ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ 2023ರ ಜುಲೈನಲ್ಲಿ ಹಾಗೆ ಹೊರಗಿದ್ದ ಒಂದು ಕೂಸು ತೀರಿಕೊಂಡಿತು. 2020ರ ಜನವರಿಯಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾನೂನಿನಲ್ಲಿ ಇಂಥದ್ದು ಅಪರಾಧ. ಎಲ್ಲರೂ ಹಟ್ಟಿಯವರನ್ನು ಬೈದೆವು. ಆದರೆ ಅದಕ್ಕೂ ಮುಂಚೆ, 2022ರ ನವೆಂಬರಿನಲ್ಲಿ, ಅದೇ ತುಮಕೂರಿನಲ್ಲಿ ತಾಯಿ ಕಾರ್ಡು, ಆಧಾರ್ ಇಲ್ಲ ಅಂತ ಆಸ್ಪತ್ರೆಯಿಂದ ವಾಪಸ್ಸಾದ ಬಸುರಿ ಮನೆಯಲ್ಲಿ ಅವಳಿ ಮಕ್ಕಳ ಸಮೇತ ಸತ್ತಳು. ಗುಡಿಸಲು ಬೇಡ, ಆಸ್ಪತ್ರೆಗೆ ಬಾ ಅಂತ ಹಟ್ಟಿಯ ಹೆಣ್ಣುಮಗಳಿಗೆ ಹೇಳಬೇಕಾದವಳು ನಾಳೆ ನನ್ನ ತಂಗಿಯೇ. ಅಲ್ಲಿ ಅವಳನ್ನು ಹಟ್ಟಿಯಿಂದ ಹೊರಗಿಡುತ್ತಾರೆ, ಇಲ್ಲಿ ಅವಳ ಅಮ್ಮನನ್ನು ಬಾಗಿಲಿಂದ ಹೊರಗಿಡುತ್ತೇವೆ. ಎರಡರಲ್ಲೂ ಅವಳೊಬ್ಬಳೇ.

ತಂಗಿಯ ಕಾಲೇಜಿನಲ್ಲಿ ಒಂದು ಒಳ್ಳೇ ಕೆಲಸ ಮಾಡಿಸಿದರಂತೆ. ಹೆರಿಗೆ ಮಂಚದ ಮೇಲೆ ವಿದ್ಯಾರ್ಥಿನಿಯರನ್ನೇ ಒಬ್ಬೊಬ್ಬರಾಗಿ ಮಲಗಿಸಿ, ಕಾಲು ಎತ್ತಿ ಕಟ್ಟಿ, ಉಳಿದವರು ಸುತ್ತ ನಿಂತು ಆಡುವ ಮಾತು ಆಡಬೇಕು. ನಾಟಕ ಅಷ್ಟೇ. "ಬರೀ ಎರಡು ನಿಮಿಷ ಅಣ್ಣಾ. ಮೈಮೇಲೆ ಬಟ್ಟೆ ಇತ್ತು, ನೋವಿರಲಿಲ್ಲ, ಬೈದವಳು ನನ್ನ ರೂಮ್‌ಮೇಟು. ಆದರೂ ಅಳು ಬಂತು." ಸಾಣೇಹಳ್ಳಿ ನಾಟಕ ನೋಡಿ ಬೆಳೆದ ತಾಲ್ಲೂಕಿನವರು ನಾವು. ಇನ್ನೊಬ್ಬರ ಪಾತ್ರ ಹಾಕಿದರೆ ಏನಾಗುತ್ತದೆ ಅಂತ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ನೂರು ಸ್ಲೈಡಿಗಿಂತ ಆ ಎರಡು ನಿಮಿಷದ ಮೇಲೆ ನನಗೆ ನಂಬಿಕೆ. ಅನುಮಾನ ಇರುವುದು ಬೇರೆ ಕಡೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದು, ನಾಲ್ಕು ಜನ ಒಟ್ಟಿಗೆ ಬ್ಯಾನೆ ತಿನ್ನುತ್ತಿದ್ದಾಗ, ಪಕ್ಕದಲ್ಲಿ ಸೀನಿಯರ್ ಗದರುತ್ತಿದ್ದಾಗ ಆ ಅಳು ನೆನಪಿಗೆ ಬರುತ್ತದಾ? ತಂಗಿಯ ಭಯವೂ ಇದೇ.

ಅಕ್ಕ ಈಗ ಮತ್ತೆ ಬಸುರಿ. ಆ ಆಸ್ಪತ್ರೆಗೆ ಸತ್ತರೂ ಹೋಗಲ್ಲ ಅಂತ ಕೂತಿದ್ದಾಳೆ, ಬೇರೆ ಕಡೆ ತೋರಿಸುತ್ತಿದ್ದೇವೆ. ಒಳಗೆ ತಂಗಿ ಜೊತೆಗಿರಲಿ ಅಂತ ನನ್ನ ಲೆಕ್ಕಾಚಾರವಿತ್ತು. ಆದರೆ 2016ರ ಮಾರ್ಗಸೂಚಿ ಪ್ರಕಾರ ಜೊತೆಗಿರುವವಳು ತಾನೂ ಹೆತ್ತವಳಾಗಿರಬೇಕು! ಹಾಗಾಗಿ ಅಮ್ಮ. ನನಗೆ ಸಿಕ್ಕಿದ್ದು ಇಂಗ್ಲಿಷಿನದು, ಅಮ್ಮನಿಗಾಗಿ ಒಂದು ಪುಟ ಕನ್ನಡ ಮಾಡಿ ಪ್ರಿಂಟ್ ತೆಗೆದು ಕೊಟ್ಟು ಬಂದೆ. ಅವಳು ಅದನ್ನು ತಾಯಿ ಕಾರ್ಡಿನೊಳಗೆ ಮಡಚಿಟ್ಟು, "ಓದೋಕೆ ಟೈಮ್ ಕೊಡ್ತಾರೇನೋ ಬಾಗಿಲ ಹತ್ರ?" ಅಂತ ಕೇಳಿದಳು. ಡೇಟು ಮುಂದಿನ ತಿಂಗಳ ಕೊನೆಗೆ.

ನಿಮ್ಮ ಊರಿನ ಆಸ್ಪತ್ರೆಗಳಲ್ಲಿ ಒಳಗೆ ಬಿಡುತ್ತಾರಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.