ಹಿಮದ ರಸ್ತೆಯಲ್ಲಿ ಚಕ್ರದ ಹಿಡಿತ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರಿನ ಬ್ರೇಕನ್ನು ಚಾಲಕ ಬಲವಾಗಿ ಒತ್ತುತ್ತಾನೆ ಎಂದುಕೊಳ್ಳಿ. ಒಣಗಿದ ಡಾಮರು ರಸ್ತೆಯಲ್ಲಿ ಅದು ಸುಮಾರು 14 ಮೀಟರಿನೊಳಗೆ ನಿಲ್ಲುತ್ತದೆ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಸುಮಾರು 100 ಮೀಟರ್ ಬೇಕು! ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಘರ್ಷಣಾ ಗುಣಾಂಕವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ, ಬಂದುದನ್ನು ಇಮ್ಮಡಿಸಿ. ಅದರಿಂದ ವೇಗದ ವರ್ಗವನ್ನು ಭಾಗಿಸಿದರೆ ನಿಲ್ಲುವ ದೂರ ಸಿಗುತ್ತದೆ. ಘರ್ಷಣಾ ಗುಣಾಂಕವನ್ನು ಒಣ ರಸ್ತೆಗೆ 0.7, ಮಂಜುಗಡ್ಡೆಗೆ 0.1 ಎಂದು ಇಟ್ಟುಕೊಳ್ಳಿ.

ಮಂಜುಗಡ್ಡೆ ಏಕೆ ಇಷ್ಟು ಜಾರುತ್ತದೆ? ಒತ್ತಡದಿಂದ ಅದು ಕರಗುತ್ತದೆ ಎಂಬ ಉತ್ತರವನ್ನು ನೀವು ಓದಿರಬಹುದು. ಆದರೆ ಕರಗುವ ಬಿಂದು ಕೇವಲ ಒಂದು ಡಿಗ್ರಿ ಇಳಿಯಲು ವಾಯುಮಂಡಲದ ಒತ್ತಡದ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು. ಕಾರಿನ ಟೈರು ಹಾಕುವ ಒತ್ತಡ ಅದರ ಎರಡು-ಮೂರು ಪಟ್ಟು ಮಾತ್ರ. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಿನಂಥ ತೆಳುಪದರ ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲಿಯೇ ಸೂಚಿಸಿದ್ದರು. ಜಾರುವಾಗ ಘರ್ಷಣೆಯಿಂದ ಹುಟ್ಟುವ ಶಾಖವೂ ಮೇಲ್ಮೈಯನ್ನು ಕರಗಿಸುತ್ತದೆ ಎಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ತೋರಿಸಿದರು. ಆದ್ದರಿಂದಲೇ ಕಡುಚಳಿಯ ಗಟ್ಟಿ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಮಂಜುಗಡ್ಡೆ ಚಾಲಕನಿಗೆ ಹೆಚ್ಚು ಅಪಾಯಕಾರಿ.

ಚಾಲಕರು ಈ ವಿವರಣೆಗಳಿಗಾಗಿ ಕಾಯಲಿಲ್ಲ. ಅಮೆರಿಕದಲ್ಲಿ ಹಿಂದೆ ಕೆಲವರು ಚಕ್ರಗಳಿಗೆ ಹಗ್ಗ ಸುತ್ತುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬಾತ ಹಗ್ಗದ ಬದಲು ಉಕ್ಕಿನ ಸರಪಳಿ ಬಳಸಿ 1904ರಲ್ಲಿ ಪೇಟೆಂಟ್ ಪಡೆದ. ನಮ್ಮ ಲಡಾಖ್ ಮತ್ತು ಹಿಮಾಚಲದ ಕಣಿವೆಗಳಲ್ಲಿ ಇಂದಿಗೂ ಚಾಲಕರು ಚಕ್ರಕ್ಕೆ ಸರಪಳಿ ಕಟ್ಟುತ್ತಾರೆ. ಫಿನ್‌ಲೆಂಡಿನಲ್ಲಿ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಚಳಿಗಾಲದ ಟೈರುಗಳು ಬಂದವು. ಸಾಮಾನ್ಯ ಟೈರಿನ ರಬ್ಬರು ಚಳಿಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇಂದಿನ ಚಳಿಗಾಲದ ಟೈರಿನ ರಬ್ಬರು ಮೃದುವಾಗಿಯೇ ಉಳಿಯುತ್ತದೆ. ಅದರ ಆಳವಾದ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ.

ಟೈರನ್ನು ಬದಲಿಸುವ ಬದಲು ರಸ್ತೆಯನ್ನೇ ಬದಲಿಸಬಾರದೇಕೆ? ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯ 1938ರಲ್ಲಿ ರಸ್ತೆಗೆ ಉಪ್ಪು ಹಾಕುವ ಪ್ರಯೋಗ ಮಾಡಿತು. ಶೇಕಡಾ 23ರಷ್ಟು ಉಪ್ಪು ಬೆರೆತ ನೀರು –21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ವ್ಯವಹಾರದಲ್ಲಿ ಸುಮಾರು –10 ಡಿಗ್ರಿಗಿಂತ ಕೆಳಗೆ ಉಪ್ಪಿನ ಕೆಲಸ ಬಹಳ ನಿಧಾನ. ಮೇಲಾಗಿ ಉಪ್ಪು ವಾಹನ, ಸೇತುವೆಗಳಿಗೆ ತುಕ್ಕು ಹಿಡಿಸುತ್ತದೆ. ಕರಗಿ ಹರಿದು ಕೆರೆ ತೊರೆಗಳನ್ನು ಸೇರುತ್ತದೆ. ಲೋಹದ ಮೊಳೆಗಳಿರುವ ಟೈರುಗಳಿಗೂ ಇಂಥದೇ ಬೆಲೆಯಿದೆ. ಅವು ರಸ್ತೆಯನ್ನು ಸವೆಸಿ ಧೂಳೆಬ್ಬಿಸುತ್ತವೆಂದು ಜಪಾನ್ 1990ರಲ್ಲಿ ಕಾನೂನಿನಿಂದ ಅವುಗಳ ಬಳಕೆಯನ್ನು ತಡೆಯಿತು.

ಇನ್ನೊಂದು ತೊಡಕಿತ್ತು. ಬ್ರೇಕ್ ಬಿಗಿದು ತಿರುಗುವುದನ್ನೇ ನಿಲ್ಲಿಸಿದ ಚಕ್ರ ಸುಮ್ಮನೆ ಜಾರುತ್ತದೆ, ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಒಂದು ಟೈರಿಗೆ ಇರುವ ಹಿಡಿತ ಒಂದೇ. ಅದನ್ನೆಲ್ಲ ಬ್ರೇಕಿಗೆ ಖರ್ಚುಮಾಡಿದರೆ ತಿರುವಿಗೆ ಏನೂ ಉಳಿಯದು. ಚಕ್ರ ಬಿಗಿಯುವ ಮುನ್ನವೇ ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಮತ್ತೆ ಹಿಡಿಯುವ ಎಬಿಎಸ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಬಾಷ್ ಮತ್ತು ಮರ್ಸಿಡಿಸ್ ಬೆಂಜ್ 1978ರಲ್ಲಿ ತಂದವು. ಆದರೆ ಇದು ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತದೆಯೇ ಹೊರತು ಹೊಸ ಹಿಡಿತವನ್ನು ಸೃಷ್ಟಿಸುವುದಿಲ್ಲ. ಸಡಿಲ ಹಿಮದಲ್ಲಂತೂ ನಿಲ್ಲುವ ದೂರ ಹೆಚ್ಚಲೂಬಹುದು. ಏಕೆಂದರೆ ಅಲ್ಲಿ ಬಿಗಿದ ಚಕ್ರದ ಮುಂದೆ ಹಿಮದ ರಾಶಿಯೊಂದು ಕಟ್ಟಿ ತಡೆಯಾಗುತ್ತದೆ. ತಿರುಗುತ್ತಲೇ ಇರುವ ಚಕ್ರಕ್ಕೆ ಆ ಸಹಾಯ ಸಿಗದು.

ಈಗ ಮೊದಲಿನ ಸೂತ್ರಕ್ಕೆ ಮರಳಿ. ಸರಪಳಿ, ಟೈರು, ಉಪ್ಪು, ಎಬಿಎಸ್ ಇವೆಲ್ಲ ಘರ್ಷಣೆಯ ಒಂದು ಅಂಕಿಯನ್ನು ಹೆಚ್ಚಿಸುವ ಅಥವಾ ಪೂರ್ತಿ ಬಳಸಿಕೊಳ್ಳುವ ಪ್ರಯತ್ನಗಳು. ಹಿಮದ ಮೇಲೆ ಯಾವ ಟೈರೂ ಒಣ ರಸ್ತೆಯ ಹಿಡಿತವನ್ನು ಕೊಡಲಾರದು. ಆದರೆ ಸೂತ್ರದ ಮೇಲ್ಭಾಗದಲ್ಲಿ ವೇಗವಿದೆ, ಅದೂ ವರ್ಗವಾಗಿ. ವೇಗವನ್ನು 25 ಕಿಲೋಮೀಟರಿಗೆ ಇಳಿಸಿದರೆ 100 ಮೀಟರ್ ಎಂಬುದು 25 ಮೀಟರ್ ಆಗುತ್ತದೆ. ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡಿ, ಬ್ರೇಕನ್ನೂ ಸ್ಟಿಯರಿಂಗನ್ನೂ ಮೆಲ್ಲಗೆ ಬಳಸಿ ಎಂಬ ಹಿಮನಾಡಿನ ಬುದ್ಧಿವಾದದ ಹಿಂದಿರುವುದು ಇದೇ ಗಣಿತ. ನಿಮ್ಮ ತರಗತಿಯಲ್ಲಿ 30, 40, 60 ಕಿಲೋಮೀಟರ್ ವೇಗಗಳಿಗೂ ಇದನ್ನು ಲೆಕ್ಕ ಮಾಡಿಸಿ. ಮಳೆಗಾಲದ ನಮ್ಮ ಒದ್ದೆ ರಸ್ತೆಗೂ ಈ ಪಾಠ ಹೊಂದುತ್ತದೆ.