ಎತ್ತಿನ ಇಂಜೆಕ್ಷನ್ನು, ಪಾರ್ಸಿಗಳ ಹದ್ದು

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಾಕೆ ಮುಂಬೈನ ಪಾರ್ಸಿ. ಅಜ್ಜಿ ತೀರಿಕೊಂಡರು ಅಂತ ರಜೆ ಹಾಕಿ ಹೋಗಿದ್ದವಳು ವಾಪಸ್ ಬಂದು ಒಂದು ಮಧ್ಯಾಹ್ನ ಊಟ ಮಾಡುತ್ತಾ ಹೇಳಿದಳು: "ಅಜ್ಜಿಗೆ ಹಳೇ ಪದ್ಧತಿಯಲ್ಲೇ, ಹದ್ದುಗಳಿಗೇ ಹೋಗಬೇಕು ಅಂತ ಆಸೆ ಇತ್ತು. ಆದರೆ ಹದ್ದೇ ಇಲ್ಲವಲ್ಲ. ಕೊನೆಗೆ ಸುಟ್ಟೆವು." ಆಮೇಲೆ ನನ್ನ ಕಡೆ ತಿರುಗಿ, "ನೀನು ಹಳ್ಳಿಯವನಲ್ವಾ, ನಿಮ್ಮೂರಲ್ಲಿ ಇದಾವಾ?" ಅಂದಳು.

ನನಗೆ ಗೊತ್ತಿರಲಿಲ್ಲ. ರಾತ್ರಿ ಹಿರೇಹಂದಿಗೋಳಕ್ಕೆ ಫೋನ್ ಮಾಡಿದೆ.

"ರಣಹದ್ದಾ? ಈಗೆಲ್ಲಿ ಅದಾವೋ ತಮ್ಮಾ," ಅಂದ ಅಪ್ಪ. "ನಾವು ಸಣ್ಣವರಿದ್ದಾಗ ಸತ್ತ ದನಾ ಊರ ಹೊರಗ ಹಾಕಿದ್ರ ಸಂಜಿಯೊಳಗ ಎಲುಬಷ್ಟ ಉಳೀತಿದ್ವು. ಯಾವಾಗ ಹೋದ್ವೋ ಯಾರಿಗೂ ಗೊತ್ತಾಗಲಿಲ್ಲ ನೋಡು. ಈಗ ಬರೇ ನಾಯಿ."

ಮುಂಬೈನ ಆ ಅಜ್ಜಿಗೂ ನಮ್ಮೂರಿನ ದನಕ್ಕೂ ಒಂದೇ ಹಕ್ಕಿ ಕಾಣೆಯಾಗಿತ್ತು. ಈ ಎಳೆ ಹಿಡಿದು ಹೊರಟರೆ ತುಂಬಾ ಹಿಂದಕ್ಕೆ ಹೋಗಬೇಕಾಗುತ್ತದೆ.

ಪಾರ್ಸಿಗಳ ಪ್ರವಾದಿ ಜರತುಷ್ಟ್ರ. ಆತನದೇ ಎಂದು ನಂಬಲಾದ ಹಾಡುಗಳಿಗೆ ಗಾಥಾ ಅಂತ ಹೆಸರು. ಅವುಗಳ ಭಾಷೆ ಅವೆಸ್ತನ್, ನಮ್ಮ ಋಗ್ವೇದದ ಭಾಷೆಗೆ ಅಕ್ಕತಂಗಿಯ ಹಾಗೆ. ಆ ಚಿಂತನೆಯ ಬೇರು 'ಅಶ' ಎಂಬ ಒಂದು ಪದದಲ್ಲಿದೆ. ವೇದದ 'ಋತ'ವೂ ಅದೂ ಒಂದೇ ಮೂಲದ್ದು. ಸೂರ್ಯ ಹೊತ್ತಿಗೆ ಸರಿಯಾಗಿ ಹುಟ್ಟುವುದೂ ಅಶ, ಮನುಷ್ಯ ನಿಜ ಹೇಳುವುದೂ ಅಶ. ಪ್ರಕೃತಿಯ ನಿಯಮಕ್ಕೆ ಒಂದು ಪದ, ಸತ್ಯಕ್ಕೆ ಇನ್ನೊಂದು ಪದ ಅಂತ ಅವರು ಇಟ್ಟುಕೊಳ್ಳಲಿಲ್ಲ. ಇದಕ್ಕೆ ವಿರುದ್ಧ ಪದ 'ದ್ರುಜ್', ಅಂದರೆ ಸುಳ್ಳು. ನಮ್ಮ 'ದ್ರೋಹ' ಅದರ ನೆಂಟ.

ಹೀಗೆ ನೋಡುವವರಿಗೆ ನೀರು, ನೆಲ, ಬೆಂಕಿಯನ್ನು ಹೊಲಸು ಮಾಡುವುದು ಬರೀ ಗಲೀಜು ಅಲ್ಲ, ತಪ್ಪು. ಪರ್ಷಿಯನ್ನರು ನದಿಯಲ್ಲಿ ಉಚ್ಚೆ ಹೊಯ್ಯುವುದಿಲ್ಲ, ಉಗುಳುವುದಿಲ್ಲ, ಕೈಯನ್ನೂ ತೊಳೆಯುವುದಿಲ್ಲ ಅಂತ ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟಿದ್ದಾನೆ. ಪಾರ್ಸಿ ಪುರೋಹಿತರು ಪವಿತ್ರ ಬೆಂಕಿಗೆ ಉಸಿರು ತಾಗಬಾರದೆಂದು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾರೆ. ದೀಪವನ್ನು ಬಾಯಿಂದ ಊದಿದರೆ ಬೈಸಿಕೊಳ್ಳುತ್ತಿದ್ದ ನಮ್ಮಂಥವರಿಗೆ ಇದು ತೀರಾ ಹೊಸದಲ್ಲ. ಹೆಣದ ವಿಷಯದಲ್ಲೂ ಇದೇ ಲೆಕ್ಕ. ಹೂಳಿದರೆ ಮಣ್ಣಿಗೆ, ಸುಟ್ಟರೆ ಬೆಂಕಿಗೆ, ತೇಲಿಬಿಟ್ಟರೆ ನೀರಿಗೆ ಮೈಲಿಗೆ. ಹಾಗಾಗಿ ದಖ್ಮಾ ಎಂಬ, ಮೇಲೆ ಬಯಲಾಗಿರುವ ಕಲ್ಲಿನ ಗೋಪುರದಲ್ಲಿ ಹದ್ದುಗಳಿಗೆ ಬಿಡುವುದು.

ನನ್ನನ್ನು ತಡೆದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ಅಹುರ ಮಜ್ದಾನ ಸುತ್ತ ಆರು ದಿವ್ಯಶಕ್ತಿಗಳು, ಒಬ್ಬೊಬ್ಬರಿಗೆ ಸೃಷ್ಟಿಯ ಒಂದೊಂದು ಭಾಗದ ಕಾವಲು. ಅಶಕ್ಕೆ ಬೆಂಕಿ, ಭಕ್ತಿಗೆ ಭೂಮಿ, ಪೂರ್ಣತೆಗೆ ನೀರು, ಅಮರತ್ವಕ್ಕೆ ಗಿಡಮರ, ಒಳ್ಳೆಯ ಆಳ್ವಿಕೆಗೆ ಲೋಹ. 'ವೊಹು ಮನ', ಅಂದರೆ ಒಳ್ಳೆಯ ಮನಸ್ಸು, ಅದಕ್ಕೆ ವಹಿಸಿದ್ದು ದನಗಳನ್ನು. ಒಂದು ಗಾಥೆಯಲ್ಲಂತೂ ದನದ ಆತ್ಮವೇ ದೇವರ ಮುಂದೆ ನಿಂತು ಗೋಳಾಡುತ್ತದೆ, ನನ್ನನ್ನು ಕಾಯುವವರು ಯಾರು ಅಂತ.

ನನಗೆ ನಮ್ಮ ಎತ್ತು ನೆನಪಾಯಿತು. ನಾನಿನ್ನೂ ಪ್ರೈಮರಿ ಸಾಲೆ. ಬಿತ್ತಿಗೆ ಹೊತ್ತಿನಲ್ಲೇ ಎತ್ತಿನ ಕಾಲು ಬಾತು ಮಲಗಿಬಿಟ್ಟಿತ್ತು. ಯಾರೋ ಬಂದು ಇಂಜೆಕ್ಷನ್ ಕೊಟ್ಟರು. ಮರುದಿನ ಎದ್ದು ನಿಂತಾಗ ಅವ್ವ ಅದಕ್ಕೆ ಹೋಳಿಗೆ ತಿನ್ನಿಸಿದ್ದಳು. ಯಾವ ಔಷಧಿ ಅಂತ ಯಾರೂ ಕೇಳಲಿಲ್ಲ, ಯಾಕೆ ಕೇಳಬೇಕು?

1990ರ ದಶಕದಲ್ಲಿ ನಮ್ಮ ದೇಶದ ದನಗಳಿಗೆ ಧಾರಾಳವಾಗಿ ಬಂದ ನೋವಿನ ಔಷಧಿ ಡೈಕ್ಲೋಫೆನಾಕ್. ಅಗ್ಗ, ಗುಣವೂ ಬೇಗ. ಆದರೆ ಇಂಜೆಕ್ಷನ್ ಆದ ಸ್ವಲ್ಪ ದಿನದಲ್ಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತಿತ್ತು. ಒಂದು ಹೆಣಕ್ಕೆ ಹತ್ತಾರು ಹದ್ದು ಮುಗಿಬೀಳುವುದರಿಂದ ಕೆಲವೇ ಹೆಣ ಸಾಕಿತ್ತು. ಕಾರಣ ಗೊತ್ತಾಗಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ಅಷ್ಟೊತ್ತಿಗೆ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೋಗಿಯಾಗಿತ್ತು. ಮುಂಬೈನ ಪಾರ್ಸಿಗಳು ದಖ್ಮಾಗಳಲ್ಲಿ ಬಿಸಿಲು ಕೇಂದ್ರೀಕರಿಸುವ ಸೌರ ಉಪಕರಣ ಕೂರಿಸಿದರು. ಕೆಲವರು ದಹನದ ಕಡೆ ಹೊರಳಿದರು.

ಇದರಲ್ಲಿ ದ್ರುಜ್ ಎಲ್ಲಿದೆ? ರೈತ ಸುಳ್ಳು ಹೇಳಲಿಲ್ಲ, ಸೂಜಿ ಚುಚ್ಚಿದವನೂ ಹೇಳಲಿಲ್ಲ. ಎಲ್ಲರದೂ ಕರುಣೆಯೇ. ಆದರೂ ಒಂದು ಜೀವಿಯ ಕುಲವೇ ಹೋಯಿತು. ಪಾರ್ಸಿಗಳ ಮೂರು ಸೂತ್ರ ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ. ಯೋಚನೆಯನ್ನು ಮೊದಲಿಗೆ ಇಟ್ಟಿದ್ದು ಯಾಕೆ ಅಂತ ನನಗೆ ಈಗ ಅರ್ಥವಾಗುತ್ತಿದೆ. ಒಳ್ಳೆಯ ಮನಸ್ಸು ಅಂದರೆ ಮರುಗುವುದಷ್ಟೇ ಅಲ್ಲ, ತಿಳಿದುಕೊಳ್ಳುವುದೂ ಹೌದು. ತಿಳಿಯದೆ ಮಾಡಿದ ಒಳ್ಳೆಯ ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು.

ಹಾಗಂತ ಈ ಧರ್ಮವನ್ನು ಪ್ರಾಚೀನ ಪರಿಸರ ವಿಜ್ಞಾನ ಅಂತ ಹೊಗಳಲು ನಾನು ತಯಾರಿಲ್ಲ. ಹಾವು, ಕಪ್ಪೆ, ಇರುವೆಗಳು ದುಷ್ಟಶಕ್ತಿಯ ಸೃಷ್ಟಿ, ಅವನ್ನು ಕೊಂದರೆ ಪುಣ್ಯ ಅಂತಲೂ ಹಳೆಯ ಗ್ರಂಥಗಳಲ್ಲಿದೆ. ಕಪ್ಪೆ ಇಲ್ಲದ ಹೊಲದ ಗತಿ ಏನು ಅಂತ ಅವರಿಗೆ ಆಗ ಗೊತ್ತಿರಲಿಲ್ಲ. ನಿಯಮ ಇದೆ ಎಂದು ನಂಬುವುದು ಬೇರೆ, ಅದನ್ನು ಹುಡುಕಿ ತಿಳಿಯುವುದು ಬೇರೆ.

ಆ ಹುಡುಕಾಟಕ್ಕೆ ಆಸ್ತಿ ಬರೆದುಕೊಟ್ಟ ಪಾರ್ಸಿಯೊಬ್ಬರ ಹೆಸರನ್ನು ಬೆಂಗಳೂರಿನ ಬಸ್ ಕಂಡಕ್ಟರುಗಳು ಇವತ್ತಿಗೂ ಕೂಗುತ್ತಾರೆ: "ಟಾಟಾ ಇನ್‌ಸ್ಟಿಟ್ಯೂಟ್!" ಜಮ್ಷೆಡ್‌ಜಿ ಟಾಟಾ ಹುಟ್ಟಿದ್ದು 1839ರಲ್ಲಿ, ನವಸಾರಿಯ ಪುರೋಹಿತರ ಮನೆತನದಲ್ಲಿ. ಅವರ ಕುಟುಂಬದ ಆರಂಭದ ಚೀನಾ ವ್ಯಾಪಾರದಲ್ಲಿ ಹತ್ತಿಯ ಜೊತೆ ಅಫೀಮೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. 1898ರ ಕೊನೆಯಲ್ಲಿ ವಿಜ್ಞಾನ ಸಂಸ್ಥೆಯ ಯೋಜನೆ ವೈಸರಾಯ್ ಆಗಲಿದ್ದ ಕರ್ಜನ್ ಮುಂದೆ ಹೋಯಿತು. ಟಾಟಾ ಕೊಡಲೊಪ್ಪಿದ್ದ ಆಸ್ತಿಯ ಬೆಲೆ ಸುಮಾರು 30 ಲಕ್ಷ ರೂಪಾಯಿ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ಪಾಠ ಶುರುವಾಯಿತು. ಟಾಟಾ 1904ರಲ್ಲೇ ತೀರಿಕೊಂಡಿದ್ದರು. ಇದನ್ನೆಲ್ಲ ಧರ್ಮವೇ ಮಾಡಿಸಿತು ಅನ್ನುವುದು ಸುಲಭದ ಮಾತು. ನನಗೆ ಮುಖ್ಯ ಅನ್ನಿಸಿದ್ದು ಇಷ್ಟು: ದಾನ ಅಂದರೆ ಅನ್ನ, ಛತ್ರ ಅಂದುಕೊಂಡಿದ್ದ ಕಾಲದಲ್ಲಿ ಅವರು ತಿಳಿವಳಿಕೆಗಾಗಿ ದಾನ ಕೊಟ್ಟರು.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರ ದೊಡ್ಡ ಬಾಟಲಿಗಳೇ ಕೊಟ್ಟಿಗೆಗೆ ಬರತೊಡಗಿದಾಗ, 2015ರಲ್ಲಿ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಗಳಿಗೆ ನಿಷೇಧವಾದವು. ಮೆಲಾಕ್ಸಿಕ್ಯಾಮ್ ಹದ್ದುಗಳಿಗೆ ಅಪಾಯವಿಲ್ಲ. ನಮ್ಮ ರಾಜ್ಯದ ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಅಲ್ಲೂ ಉಳಿದಿರುವುದು ಬೆರಳೆಣಿಕೆಯಷ್ಟು.

ಹೋದ ಸಲ ಊರಿಗೆ ಹೋದಾಗ ಆಕಳಿಗೆ ಹುಷಾರಿರಲಿಲ್ಲ. ಡಾಕ್ಟರ್ ಇಂಜೆಕ್ಷನ್ ಕೊಟ್ಟು ಹೋದ ಮೇಲೆ ಖಾಲಿ ಬಾಟಲಿ ಎತ್ತಿಕೊಂಡು ಹೆಸರು ಓದಿದೆ. ಮೆಲಾಕ್ಸಿಕ್ಯಾಮ್.

"ಏನ್ ನೋಡಾಕತ್ತೀಯೋ?" ಅಂದ ಅಪ್ಪ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ಎತ್ತಿಗೆ ಕೊಟ್ಟಿದ್ದು ಅದ ಇತ್ತೇನೋ?" ಅಂತ ಕೇಳಿದ.

"ಇರಬಹುದು ಅಪ್ಪಾ."

"ಮೊದಲ ಹೇಳಿದ್ರ ಬ್ಯಾರೇದು ಕೊಡಸ್ತಿದ್ವಿ," ಅಂದ.

ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅವು ನಮ್ಮೂರಿಗೆ ವಾಪಸ್ ಬರುವುದನ್ನು ಅಪ್ಪ ನೋಡಲಾರ, ಬಹುಶಃ ನಾನೂ ನೋಡಲಾರೆ. ಬಾಟಲಿ ಮೇಲಿನ ಹೆಸರನ್ನು ಕನ್ನಡದಲ್ಲಿ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿ ಬಂದಿದ್ದೇನೆ.